ಎನಿಮೋನ್ ಮುದುಡಿದೆಯಾ? ಟ್ಯಾಂಕಿಗೆ ಕೈ ಹಾಕುವ ಮೊದಲು ಬಾಯಿ ನೋಡಿ

ಹೊಸದಾಗಿ ಉಪ್ಪುನೀರಿನ ಅಕ್ವೇರಿಯಂ ಇಟ್ಟವರು ಕಳಿಸುವ ಫೋಟೊಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ನಿನ್ನೆ ಅಂಗೈ ಅಗಲ ಅರಳಿದ್ದ ಎನಿಮೋನ್, ಅಂದರೆ ಹೂವಿನ ಹಾಗೆ ಕಾಣುವ ಆ ಸಮುದ್ರ ಪ್ರಾಣಿ, ಇವತ್ತು ಹಿಂಡಿ ಎಸೆದ ಬಟ್ಟೆಯ ಹಾಗೆ ಮುದುಡಿ ಬಿದ್ದಿದೆ. ಕೆಳಗೆ ಒಂದೇ ಸಾಲು: "ಸತ್ತೋಯ್ತಾ ಸರ್?"

ಬಹಳ ಸಲ ಸತ್ತಿರುವುದಿಲ್ಲ. ಆದರೆ ಉತ್ತರ ಬರುವಷ್ಟರಲ್ಲಿ ಅವರು ಅರ್ಧ ಟ್ಯಾಂಕ್ ನೀರು ಬದಲಿಸಿರುತ್ತಾರೆ, ಲೈಟ್ ಪೂರ್ತಿ ಏರಿಸಿರುತ್ತಾರೆ, ಬಾಯಿಗೆ ಸಿಗಡಿ ತುರುಕಿರುತ್ತಾರೆ, ಬಂಡೆಯಿಂದ ಕಿತ್ತು ಇನ್ನೊಂದು ಮೂಲೆಗೆ ಇಟ್ಟಿರುತ್ತಾರೆ. ಚೆನ್ನಾಗಿದ್ದ ಎನಿಮೋನ್ ಕೂಡ ಇದನ್ನೆಲ್ಲ ಒಟ್ಟಿಗೆ ತಡೆದುಕೊಳ್ಳುವುದು ಕಷ್ಟ. ಹಾಗಾಗಿ ಮೊದಲ ನಿಯಮ: ದೋಷ ಎಲ್ಲಿದೆ ಅಂತ ಗೊತ್ತಾಗುವವರೆಗೆ ಏನನ್ನೂ ಬದಲಿಸಬೇಡಿ. ಗೊತ್ತಾದ ಮೇಲೂ ಒಂದು ಸಲಕ್ಕೆ ಒಂದೇ ಬದಲಾವಣೆ.

ಇಲ್ಲಿ ಹೇಳುವುದು ಮುಖ್ಯವಾಗಿ ಬಬಲ್ ಟಿಪ್ ಅನ್ನುವ ಎನಿಮೋನ್ ಜಾತಿಯ ಬಗ್ಗೆ. ಅದರ ಕರಬಳ್ಳಿಗಳ (ಬಾಯಿ ಸುತ್ತಲಿನ ಬೆರಳಿನಂಥ ಎಳೆಗಳ) ತುದಿಯಲ್ಲಿ ಗುಳ್ಳೆ ಇರುತ್ತದೆ. ಮನೆ ಟ್ಯಾಂಕಿಗೆ ಹೊಂದಿಕೊಳ್ಳುವುದು ಅದೇ ಜಾಸ್ತಿ. ಕಾರ್ಪೆಟ್ ಮತ್ತು ಮ್ಯಾಗ್ನಿಫಿಕಾ ಜಾತಿಗಳು ಹೊಸಬರಿಗಲ್ಲ, ಆದರೂ ತಂದಿಟ್ಟವರು ಇದ್ದಾರೆ. ವ್ಯತ್ಯಾಸ ಇರುವ ಕಡೆ ಅವುಗಳ ಮಾತೂ ಬರುತ್ತದೆ.

ಬಾಯಿ, ಪಾದ, ಗಡಿಯಾರ

ಎನಿಮೋನ್‌ಗೆ ಮೂಳೆ ಇಲ್ಲ. ಒಳಗೆ ತುಂಬಿಕೊಂಡ ನೀರೇ ಅದನ್ನು ನಿಲ್ಲಿಸುವುದು. ಹಳೆ ನೀರನ್ನು, ಜೊತೆಗೆ ತಿಂದು ಉಳಿದ ಕಸವನ್ನು ಆಗಾಗ ಹೊರಗೆ ಹಾಕಿ ಹೊಸ ನೀರು ಎಳೆದುಕೊಳ್ಳುತ್ತದೆ. ಆಗ ಪೂರ್ತಿ ಕುಗ್ಗುತ್ತದೆ. ಊಟ ಆದ ಮರುದಿನ ಕಂದು ಬಣ್ಣದ ಲೋಳೆ ಎಳೆಗಳು ಬಾಯಿಂದ ಬರುವುದೂ ಇದೇ ಕೆಲಸದ ಭಾಗ. ಲೈಟ್ ಆರಿದ ಮೇಲೆ ಚಿಕ್ಕದಾಗುವುದು ಮಾಮೂಲು. ಅಂದರೆ ಮುದುಡಿದ್ದು ಒಂದನ್ನೇ ನೋಡಿ ಏನೂ ಹೇಳಲಾಗದು.

ಒಂದು ಸಣ್ಣ ಟಾರ್ಚ್ ತಗೊಳ್ಳಿ. ಮೇಲಿನಿಂದ, ಪಂಪು ಒಂದು ನಿಮಿಷ ನಿಲ್ಲಿಸಿ, ನಡುವಿನ ಬಾಯಿ ನೋಡಿ. ತೆಳ್ಳಗಿನ ಗೆರೆಯ ಹಾಗೆ ಬಿಗಿಯಾಗಿ ಮುಚ್ಚಿದ್ದರೆ ಸುಮ್ನೆ ಬಿಡಿ. ತುಟಿ ಸ್ವಲ್ಪ ಉಬ್ಬಿದ್ದರೆ ಗಮನ ಇರಲಿ. ಬಾಯಿ ಸಡಿಲವಾಗಿ ತೆರೆದು, ಒಳಗಿನ ಮಡಿಕೆಗಳು ಕಾಣುತ್ತಿದ್ದು, ಬಿಳಿ ದಾರದಂಥ ಎಳೆಗಳು ಹೊರಗೆ ಬಂದಿದ್ದರೆ ತೊಂದರೆ ಇದೆ. ಕಸ ಹಾಕುವ ಹೊತ್ತಲ್ಲೂ ಸ್ವಲ್ಪ ಹೀಗೆ ಕಾಣಬಹುದು, ಆದರೆ ಅದು ಕೆಲವು ಗಂಟೆಯಲ್ಲಿ ಸರಿಹೋಗುತ್ತದೆ. ಇಡೀ ದಿನ ಕಳೆದು ಮರುದಿನವೂ ಬಾಯಿ ಬಿಟ್ಟುಕೊಂಡೇ ಇದ್ದರೆ ಅದು ಕಾಯಿಲೆ.

ಆಮೇಲೆ ಪಾದ. ಬಂಡೆಗೋ ಗಾಜಿಗೋ ಅಂಟಿಕೊಂಡಿದೆಯಾ? ಪಾದದಲ್ಲಿ ಹರಿದ ಗಾಯ ಇದೆಯಾ? ಸಮುದ್ರದಲ್ಲಿ ಅವಸರದಲ್ಲಿ ಕೀಳುವಾಗ ಪಾದ ಹರಿಯುವುದು ಸಾಮಾನ್ಯ, ಆ ಗಾಯದ ಜೊತೆಗೇ ಪ್ರಾಣಿ ಅಂಗಡಿಗೆ ಬಂದಿರುತ್ತದೆ. ಅಂಥದ್ದು ನಿಮ್ಮ ನೀರು ಎಷ್ಟು ಚೆನ್ನಾಗಿದ್ದರೂ ಕಷ್ಟಪಡುತ್ತದೆ.

ಮೂರನೆಯದು ಗಡಿಯಾರ. ಫೋನನ್ನು ಒಂದೇ ಜಾಗದಲ್ಲಿಟ್ಟು ಗಂಟೆಗೊಂದು ಫೋಟೊ ತೆಗೆಯಿರಿ. ಬಾಯಿ ಬಿಗಿಯಿದ್ದು, ದಿನದಲ್ಲಿ ಒಂದು ಸಲವಾದರೂ ಪೂರ್ತಿ ಉಬ್ಬುತ್ತಿದೆ ಅಂದರೆ ಯೋಚನೆ ಬೇಡ.

ಟ್ಯಾಂಕಿನಲ್ಲಿ ಇನ್ಯಾರಿಗೆ ಹುಷಾರಿಲ್ಲ?

ಯಾವ ಟೆಸ್ಟ್ ಕಿಟ್‌ಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ದುಡ್ಡೂ ಖರ್ಚಿಲ್ಲ.

ಮೀನುಗಳೂ ಮೇಲೆ ಬಂದು ಬಾಯಿ ಬಡಿಯುತ್ತಿವೆ ಅಂದರೆ ಆಮ್ಲಜನಕ ಕಡಿಮೆಯಾಗಿದೆ, ಇಲ್ಲವೇ ಅಮೋನಿಯ ಏರಿದೆ. ರಾತ್ರಿ ಕರೆಂಟ್ ಹೋಗಿತ್ತಾ, ಪಂಪ್ ನಿಂತಿತ್ತಾ ಅಂತ ನೋಡಿ. ಬ್ಯಾಟರಿ ಏರ್ ಪಂಪ್ ಒಂದು ಮನೆಯಲ್ಲಿ ಇರಲೇಬೇಕು.

ಮೀನು ಆರಾಮಾಗಿವೆ, ಆದರೆ ಸಿಗಡಿ ಸತ್ತಿದೆ, ಬಸವನಹುಳುಗಳು ಗಾಜಿನಿಂದ ಕಳಚಿ ಮರಳಲ್ಲಿ ಬಿದ್ದಿವೆ, ಎನಿಮೋನ್ ಮುದುಡಿದೆ. ಹೀಗಿದ್ದರೆ ಮೊದಲ ಅನುಮಾನ ತಾಮ್ರದ ಮೇಲೆ. ಮೀನು ತಡೆದುಕೊಳ್ಳುವಷ್ಟು ತಾಮ್ರ ಬೆನ್ನುಮೂಳೆ ಇಲ್ಲದ ಪ್ರಾಣಿಗಳನ್ನು ಕೊಲ್ಲುತ್ತದೆ. ಸೊಳ್ಳೆಗೆ ಹಚ್ಚುವ ಲಿಕ್ವಿಡ್ ಮತ್ತು ಸ್ಪ್ರೇಗಳ ಮೇಲೂ ಕಣ್ಣಿರಲಿ. ಅವುಗಳಲ್ಲಿರುವ ಪೈರೆಥ್ರಾಯ್ಡ್ ಸಿಗಡಿ, ಮೀನು ಎರಡಕ್ಕೂ ವಿಷ. ಏರ್ ಪಂಪು, ಸ್ಕಿಮ್ಮರ್ (ಗಾಳಿಗುಳ್ಳೆಗಳಿಂದ ನೀರಿನ ಕಸ ತೆಗೆಯುವ ಯಂತ್ರ) ಎರಡೂ ಕೋಣೆಯ ಗಾಳಿಯನ್ನೇ ನೀರಿಗೆ ತುಂಬುತ್ತವೆ, ಅಲ್ವಾ?

ಉಳಿದ ಎಲ್ಲರೂ ಚೆನ್ನಾಗಿದ್ದು ಎನಿಮೋನ್ ಮಾತ್ರ ಮುದುಡಿದ್ದರೆ ಬೆಳಕು, ನೀರಿನ ಹರಿವು, ಕಾಟ ಕೊಡುವ ಮೀನು ಅಥವಾ ಅಂಗಡಿಯಿಂದಲೇ ತಂದ ಗಾಯ. ಉಪ್ಪಿನ ಏರಿಳಿತವೂ ಈ ಪಟ್ಟಿಗೇ ಸೇರುತ್ತದೆ, ಯಾಕೆಂದರೆ ಅದನ್ನು ಮೀನು ಬೇಗ ತೋರಿಸಿಕೊಡುವುದಿಲ್ಲ.

ಉಪ್ಪು: ಮೀಟರನ್ನೇ ಮೊದಲು ಅನುಮಾನಿಸಿ

ಎನಿಮೋನ್ ದೇಹದೊಳಗಿನ ಉಪ್ಪಿನಂಶ ಹೊರಗಿನ ನೀರಿನ ಜೊತೆಗೇ ಏರಿ ಇಳಿಯುತ್ತದೆ. ಮೀನಿಗಿರುವಂತೆ ಅದನ್ನು ಸರಿದೂಗಿಸುವ ಮೂತ್ರಪಿಂಡ ಇದಕ್ಕಿಲ್ಲ. ಬೇಕಾದ ಮಟ್ಟ 35 ಪಿಪಿಟಿ (ಸಾವಿರ ಭಾಗದಲ್ಲಿ 35 ಭಾಗ ಉಪ್ಪು), ಅಂದರೆ ಸಾಂದ್ರತೆ ಸುಮಾರು 1.026. ನಿಮ್ಮ ಮೀಟರು ಅದನ್ನೇ ತೋರಿಸುತ್ತಿರಬಹುದು. ಪ್ರಶ್ನೆ ಏನೆಂದರೆ ಅದು ನಿಜ ಹೇಳುತ್ತಿದೆಯಾ?

ಮುಳ್ಳು ತಿರುಗುವ ಪ್ಲಾಸ್ಟಿಕ್ ಹೈಡ್ರೋಮೀಟರಿನಲ್ಲಿ ಮುಳ್ಳಿಗೆ ಒಂದು ಗಾಳಿಗುಳ್ಳೆ ಅಂಟಿದರೆ ಸಾಕು, ಇರುವುದಕ್ಕಿಂತ ಜಾಸ್ತಿ ಉಪ್ಪು ತೋರಿಸುತ್ತದೆ. ನೀವು ನಂಬಿ ಸಿಹಿನೀರು ಸುರಿಯುತ್ತೀರಿ. ಬೆಳಕು ಬಾಗುವುದರಿಂದ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ಕೊಂಡವರೂ ಅದನ್ನು ಆರ್‌ಓ ನೀರಿನಲ್ಲಿ ಸೊನ್ನೆಗೆ ಹೊಂದಿಸಿ ಮುಗೀತು ಅಂದುಕೊಳ್ಳುತ್ತಾರೆ. ಸೊನ್ನೆಯಲ್ಲಿ ಸರಿಯಿದ್ದ ಮೀಟರು 35ರಲ್ಲಿ ತಪ್ಪು ತೋರಿಸಬಹುದು. ಅದಕ್ಕೇ 35 ಪಿಪಿಟಿಯ ಕ್ಯಾಲಿಬ್ರೇಶನ್ ದ್ರವದ ಒಂದು ಬಾಟಲಿ ಬೇಕು. ಗಾಜನ್ನು ಒರೆಸಿ, ಎರಡು ಮೂರು ಹನಿ ಹಾಕಿ, ಗುಳ್ಳೆ ಸಿಕ್ಕಿಕೊಳ್ಳದ ಹಾಗೆ ಮುಚ್ಚಳ ನಿಧಾನಕ್ಕೆ ಇಳಿಸಿ. ಅರ್ಧ ನಿಮಿಷ ಬಿಡಿ, ಹನಿಯ ಬಿಸಿ ಗಾಜಿನ ಬಿಸಿಗೆ ಹೊಂದಬೇಕು. ಆಮೇಲೆ ಬೆಳಕಿನ ಕಡೆ ಹಿಡಿದು ನೀಲಿ ಬಿಳಿ ಸೇರುವ ಗೆರೆಯನ್ನು ಸ್ಕ್ರೂ ತಿರುಗಿಸಿ 35ಕ್ಕೆ ತನ್ನಿ. ಈಗ ಟ್ಯಾಂಕಿನ ನೀರು ನೋಡಿ. ಎಷ್ಟೋ ಜನರಿಗೆ ದೋಷ ಇಲ್ಲೇ ಸಿಕ್ಕಿಬಿಡುತ್ತದೆ.

ಮಟ್ಟ ತಪ್ಪಿದ್ದರೆ ಒಂದೇ ಸಲಕ್ಕೆ ಸರಿಮಾಡಬೇಡಿ. ದಿನಕ್ಕೆ ಒಂದು ಪಿಪಿಟಿಯ ಹಾಗೆ ನಿಧಾನಕ್ಕೆ ತನ್ನಿ.

ಮೀಟರು ಸರಿಯಿದ್ದೂ ಅಂಕಿ ಕುಣಿಯುತ್ತಿದ್ದರೆ ಅದು ಆವಿಯ ಕೆಲಸ. ನೀರು ಆರುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಬೆಂಗಳೂರಿನ ಏಪ್ರಿಲ್ ಬಿಸಿಲಲ್ಲಿ ತಂಪಿಗೆ ಫ್ಯಾನ್ ಹಚ್ಚಿದ ಸಣ್ಣ ಟ್ಯಾಂಕಿನಲ್ಲಿ ಇದು ದಿನದಿನಕ್ಕೂ ಗೊತ್ತಾಗುತ್ತದೆ. ವಾರಕ್ಕೊಮ್ಮೆ ಒಂದು ಕೊಡ ನೀರು ಸುರಿಯುವವರ ಟ್ಯಾಂಕಿನಲ್ಲಿ ಎನಿಮೋನ್ ವಾರವಿಡೀ ಒಣಗಿ ಭಾನುವಾರ ಮುಳುಗಿದ ಲೆಕ್ಕ. ಗಾಜಿನ ಮೇಲೆ ಮಾರ್ಕರಿನಿಂದ ಗೆರೆ ಎಳೆಯಿರಿ, ದಿನಾ ಆ ಗೆರೆಗೆ ಸಿಹಿನೀರು ತುಂಬಿ. ಉಪ್ಪುನೀರು ಅಲ್ಲ, ಸಿಹಿನೀರು. ಅಡುಗೆಮನೆಯ ಗಡಿಬಿಡಿಯಲ್ಲಿ ಕ್ಯಾನ್ ಅದಲು ಬದಲಾಗದಿರಲು ಕ್ಯಾನ್ ಮೇಲೆ ಬರೆದಿಡಿ.

ನಿಮ್ಮ ನೀರು ಎಲ್ಲಿಂದ ಬರುತ್ತದೆ?

ನೇರವಾಗಿ ಬೋರ್‌ವೆಲ್ ನೀರಿಗೆ ಉಪ್ಪು ಕಲಸುವವರು ಈಗ ಕಡಿಮೆ. ಗಡಸು, ನೈಟ್ರೇಟ್ ಎರಡೂ ಅದರಲ್ಲಿ ಜಾಸ್ತಿ ಇರಬಹುದು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಹಾಗಾಗಿ "ನಾನು ಆರ್‌ಓ ನೀರೇ ಹಾಕೋದು" ಅಂತ ಎಲ್ಲರೂ ಹೇಳುತ್ತಾರೆ. ಯಾವ ಆರ್‌ಓ?

ಅಡುಗೆಮನೆಯ ಪ್ಯೂರಿಫೈಯರ್ ಕುಡಿಯುವವರಿಗಾಗಿ ಮಾಡಿದ್ದು. ಅದು ಶುದ್ಧವಾದ ನೀರಿಗೆ ಮತ್ತೆ ಖನಿಜ ಸೇರಿಸುತ್ತದೆ, ಅಥವಾ ಟಿಡಿಎಸ್ (ನೀರಿನಲ್ಲಿ ಒಟ್ಟು ಕರಗಿರುವ ಅಂಶ) ಕಂಟ್ರೋಲರ್ ಮೂಲಕ ಒಂದಿಷ್ಟು ಆರ್‌ಓ ಆಗದ ನೀರನ್ನು ಬೆರೆಸುತ್ತದೆ. ಇದಕ್ಕಿಂತ ಕೆಟ್ಟದ್ದು, ಈಗ ಬರುವ ಎಷ್ಟೋ ಮಾಡೆಲ್‌ಗಳಲ್ಲಿ ಆರೋಗ್ಯಕ್ಕೆ ಒಳ್ಳೆಯದು ಅಂತ ತಾಮ್ರದ ಕಾರ್ಟ್ರಿಜ್ ಇರುತ್ತದೆ. ನಮಗೆ ಏನೂ ಆಗುವುದಿಲ್ಲ. ಎನಿಮೋನ್‌ಗೆ ಅದು ದಿನಾ ಒಂದೊಂದು ಲೋಟ ವಿಷ. ಆವಿಯಾಗುವಾಗ ತಾಮ್ರ ಹೋಗುವುದಿಲ್ಲ, ತುಂಬಿಸಿದಷ್ಟೂ ಸೇರುತ್ತಾ ಹೋಗುತ್ತದೆ. ಟೆಸ್ಟ್ ಮಾಡಿದಾಗ ಅಮೋನಿಯ ಸೊನ್ನೆ, ನೈಟ್ರೇಟ್ ಚೆನ್ನಾಗಿದೆ, ಉಪ್ಪು ಸರಿ, ಆದರೂ ಎನಿಮೋನ್ ತಿಂಗಳಿಂದ ಸೊರಗುತ್ತಿದೆ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಪ್ಯೂರಿಫೈಯರ್ ಯಾವುದು ಅಂತಲೇ.

ಪರೀಕ್ಷೆ ಸುಲಭ. ತಾಮ್ರದ ಟೆಸ್ಟ್ ಕಿಟ್ ತಂದು ಪ್ಯೂರಿಫೈಯರ್ ನೀರು, ಟ್ಯಾಂಕ್ ನೀರು ಎರಡನ್ನೂ ನೋಡಿ. ಟಿಡಿಎಸ್ ಮೀಟರು ಒಂದೇ ಸಾಲದು, ಅದು ಒಟ್ಟು ಎಷ್ಟು ಕರಗಿದೆ ಅನ್ನುತ್ತದೆಯೇ ಹೊರತು ಏನು ಕರಗಿದೆ ಅನ್ನುವುದಿಲ್ಲ. ಅಕ್ವೇರಿಯಂಗೆ ಬೇಕಾದ್ದು ಆರ್‌ಓ ಆದ ಮೇಲೆ ಡಿಐ ರಾಳ (ಉಳಿದ ಲವಣವನ್ನೂ ಹಿಡಿದಿಡುವ ಸಣ್ಣ ಮಣಿಗಳು) ದಾಟಿ ಬಂದ, ಟಿಡಿಎಸ್ ಸೊನ್ನೆಯ ನೀರು. ತಾಮ್ರ ಸಿಕ್ಕಿದ್ದರೆ ನೀರಿನ ಮೂಲ ಬದಲಿಸಿ, ದಿನ ಬಿಟ್ಟು ದಿನ ಸ್ವಲ್ಪ ಸ್ವಲ್ಪ ನೀರು ಬದಲಿಸಿ, ತಾಮ್ರ ಹೀರುವ ಫಿಲ್ಟರ್ ಪ್ಯಾಡ್ ಹಾಕಿ. ಸೆಕೆಂಡ್ ಹ್ಯಾಂಡ್ ಟ್ಯಾಂಕ್ ಕೊಂಡಿದ್ದರೆ ಹಳೆ ಯಜಮಾನರನ್ನು ಕೇಳಿ, ಮೀನಿನ ಬಿಳಿಚುಕ್ಕೆ ರೋಗಕ್ಕೆ ತಾಮ್ರದ ಔಷಧಿ ಹಾಕಿದ್ದರಾ ಅಂತ. ಬಂಡೆ, ಮರಳು ಅದನ್ನು ಹೀರಿಟ್ಟುಕೊಂಡು ಆಮೇಲೆ ಬಿಡುತ್ತವೆ.

ಕರಾವಳಿಯವರ ಕಥೆ ಬೇರೆ. ಮಂಗಳೂರು, ಉಡುಪಿ, ಕಾರವಾರದಲ್ಲಿ ಸಮುದ್ರದ ನೀರೇ ಪುಕ್ಕಟೆ ಸಿಗುತ್ತದೆ. ಮಳೆಗಾಲದಲ್ಲಿ ಮಾತ್ರ ತರಬೇಡಿ. ನೇತ್ರಾವತಿ, ಸ್ವರ್ಣಾ, ಕಾಳಿಯಂಥ ನದಿಗಳು ತುಂಬಿ ಬಂದು ಅಳಿವೆಯ ಸುತ್ತ ಉಪ್ಪು ಇಳಿದಿರುತ್ತದೆ, ಕೆಸರು ಬೇರೆ. ಬೇಸಿಗೆಯಲ್ಲೂ ಬಂದರು ಮತ್ತು ಬೋಟು ನಿಲ್ಲುವ ಜಾಗದ ನೀರು ಡೀಸೆಲ್ ಸಮೇತ ಬರುತ್ತದೆ.

ಅಮೋನಿಯ, ಬಿಸಿ ಮತ್ತು ಟ್ಯಾಂಕಿನ ವಯಸ್ಸು

ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಇದರಲ್ಲಿ ರಾಜಿ ಇಲ್ಲ. ನೈಟ್ರೇಟ್ 2ರಿಂದ 10 ಪಿಪಿಎಂ ಇದ್ದರೆ ಚೆನ್ನ. ಪೂರ್ತಿ ಸೊನ್ನೆ ಮಾಡಲು ಹೋಗಬೇಡಿ, ಎನಿಮೋನ್ ಒಳಗಿನ ಪಾಚಿಗೂ ಗೊಬ್ಬರ ಬೇಕು. ಕ್ಷಾರತೆ 8ರಿಂದ 10 ಡಿಕೆಎಚ್ (ಕ್ಷಾರತೆ ಅಳೆಯುವ ಮಾನ), ಪಿಎಚ್ 8.1ರಿಂದ 8.4.

ಬಿಸಿ 25ರಿಂದ 27 ಡಿಗ್ರಿ. ಬೆಂಗಳೂರು, ಮೈಸೂರಿನಲ್ಲಿ ಫ್ಯಾನ್ ಸಾಕಾಗಬಹುದು. ಮಂಗಳೂರಿನ ಸೆಖೆಯಲ್ಲಿ ಗಾಳಿಯೇ ಒದ್ದೆ ಇರುವುದರಿಂದ ಆವಿ ಆಗುವುದು ಕಡಿಮೆ, ಫ್ಯಾನ್ ತಿರುಗಿದರೂ ನೀರು ತಣ್ಣಗಾಗುವುದಿಲ್ಲ. ಅಲ್ಲಿ ಚಿಲ್ಲರ್ ಇಲ್ಲದೆ ಎನಿಮೋನ್ ಇಡುವ ಯೋಚನೆ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಎನಿಮೋನ್ ತರುವ ಮೊದಲು ಟ್ಯಾಂಕಿಗೆ ಆರು ತಿಂಗಳಾದರೂ ಆಗಲಿ ಅಂತ ಹಳಬರು ಹೇಳುತ್ತಾರೆ. ಅಮೋನಿಯ ತಿನ್ನುವ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಸಾಕು, ಹಾಗಾದರೆ ಉಳಿದ ಸಮಯ ಯಾಕೆ? ಅಂಕಿಗಳು ನಿಲ್ಲುವುದಕ್ಕೆ. ನಮ್ಮಲ್ಲಿ ಇನ್ನೊಂದು ಕಾರಣವೂ ಇದೆ. ಬಂಡೆ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಹಾಗಾಗಿ ಜೀವ ತುಂಬಿದ ಹವಳದ ಬಂಡೆ ತರುವ ಹಾಗಿಲ್ಲ. ಒಣ ಬಂಡೆಯಿಂದ ಶುರುವಾದ ಟ್ಯಾಂಕಿನಲ್ಲಿ ಜೀವ ಸೊನ್ನೆಯಿಂದ ಹುಟ್ಟಬೇಕು, ತಡ ಆಗುತ್ತದೆ.

ಸ್ಥಿರವಾದ ನೀರಿದ್ದರೆ ಇವು ಎಷ್ಟು ಬಾಳಬಲ್ಲವು ಅನ್ನುವುದಕ್ಕೆ ಸ್ಕಾಟ್ಲೆಂಡಿನ ಒಂದು ಉದಾಹರಣೆ ಇದೆ. ಪ್ರಾಣಿಗಳ ಅಧ್ಯಯನ ಮಾಡುತ್ತಿದ್ದ ಸರ್ ಜಾನ್ ಡಾಲ್ಯೆಲ್ 1828ರಲ್ಲಿ ಕಡಲ ದಡದಿಂದ ತಂದು ಗಾಜಿನ ಜಾಡಿಯಲ್ಲಿಟ್ಟ 'ಗ್ರ್ಯಾನಿ' ಅನ್ನುವ ಎನಿಮೋನ್ ಅವರು ತೀರಿಕೊಂಡ ಮೇಲೂ ಕೈಯಿಂದ ಕೈಗೆ ದಾಟಿ 1887ರವರೆಗೆ ಬದುಕಿತು. ಪಂಪಿಲ್ಲ, ಎಲ್‌ಇಡಿ ಇಲ್ಲ, ಬರೀ ಸಮುದ್ರದ ನೀರು ಬದಲಿಸುತ್ತಿದ್ದರು. ಅದು ತಣ್ಣೀರಿನ ಜಾತಿ, ಬೆಳಕಿನ ಹಂಗು ಅದಕ್ಕಿರಲಿಲ್ಲ. ನಮ್ಮ ಬಬಲ್ ಟಿಪ್‌ಗೆ ಇದೆ.

ಬಿಳಿಚಿದರೆ

ಬಬಲ್ ಟಿಪ್‌ನ ಕಂದು ಬಣ್ಣ ಅದರೊಳಗೆ ಬದುಕುವ ಪಾಚಿಯದ್ದು. ಆ ಪಾಚಿ ಬೆಳಕಿನಲ್ಲಿ ಮಾಡುವ ಆಹಾರವೇ ಎನಿಮೋನ್‌ಗೆ ಮುಖ್ಯ ಊಟ. ಬಿಸಿ ಏರಿದಾಗ, ಬೆಳಕು ಒಮ್ಮೆಲೇ ಹೆಚ್ಚಾದಾಗ, ಅಥವಾ ತೀರಾ ಕಡಿಮೆಯಾದಾಗ ಪಾಚಿ ಹೋಗಿಬಿಡುತ್ತದೆ. ಉಳಿಯುವುದು ಬಿಳಿ ಮೈ.

ಹೊಸ ಎಲ್‌ಇಡಿ ಹಾಕಿದ ವಾರದಲ್ಲೇ ಬಿಳಿಚಿದ್ದರೆ ಬೆಳಕು ಜಾಸ್ತಿಯಾಗಿದೆ. ಮೂವತ್ತು ನಲವತ್ತು ಪರ್ಸೆಂಟಿಗೆ ಇಳಿಸಿ, ಎರಡು ಮೂರು ವಾರ ತಗೊಂಡು ಏರಿಸಿ. ತಿಂಗಳುಗಟ್ಟಲೆ ನಿಧಾನಕ್ಕೆ ಬಣ್ಣ ಹೋಗಿ, ಕುತ್ತಿಗೆ ಚಾಚಿದ ಹಾಗೆ ಮೇಲಕ್ಕೆ ಉದ್ದವಾಗಿದ್ದರೆ ಬೆಳಕು ಸಾಲುತ್ತಿಲ್ಲ. ಪಾರ್ ಮೀಟರ್ (ಪಾಚಿಗೆ ಉಪಯೋಗವಾಗುವ ಬೆಳಕನ್ನು ಅಳೆಯುವುದು) ಸಿಕ್ಕರೆ ಅದು ಕೂತ ಜಾಗದಲ್ಲಿ 150ರಿಂದ 300 ಇದೆಯಾ ನೋಡಿ. ದಿನಕ್ಕೆ ಎಂಟರಿಂದ ಹತ್ತು ಗಂಟೆ ಬೆಳಕು ಸಾಕು.

ಬಿಳಿಚಿದ್ದು ಸತ್ತ ಹಾಗಲ್ಲ. ಬಾಯಿ ಬಿಗಿಯಿದ್ದು, ಕರಬಳ್ಳಿಗಳು ಆಹಾರವನ್ನು ಅಂಟಿಸಿಕೊಳ್ಳುತ್ತಿದ್ದರೆ ಉಳಿಯುತ್ತದೆ. ಆಗ ಮಾತ್ರ ಊಟ ಸ್ವಲ್ಪ ಹೆಚ್ಚಿಸಿ, ವಾರಕ್ಕೆ ಎರಡು ಮೂರು ಸಲ, ಬಟಾಣಿ ಗಾತ್ರದ ಹಸಿ ಸಿಗಡಿ ಚೂರು ಅಥವಾ ಮೈಸಿಸ್ ಅನ್ನುವ ಪುಟ್ಟ ಸಿಗಡಿಯಂಥ ಜೀವಿ. ಬಣ್ಣ ಬರಲು ತಿಂಗಳುಗಳು ಬೇಕು.

ಅಂಗಡಿಯಲ್ಲಿ ಅಚ್ಚ ಬಿಳಿ ಮೈ, ನೇರಳೆ ತುದಿಯದ್ದನ್ನು ಅಪರೂಪದ್ದು ಅಂತ ಜಾಸ್ತಿ ದುಡ್ಡಿಗೆ ಮಾರುತ್ತಾರೆ. ಅದು ಬಿಳಿಚಿದ ಪ್ರಾಣಿ. ನಿಂಬೆ ಹಳದಿಯಾಗಿ ಹೊಳೆಯುವುದಕ್ಕೆ ಎಷ್ಟೋ ಸಲ ಬಣ್ಣ ಹಾಕಿರುತ್ತಾರೆ.

ನಡೆದಾಡಿದರೆ

ತಂದ ಮೊದಲ ಕೆಲವು ದಿನ ಜಾಗ ಹುಡುಕಿಕೊಂಡು ಓಡಾಡುವುದು ಸಹಜ. ಬಬಲ್ ಟಿಪ್‌ಗೆ ಪಾದ ಅಡಗಿಸಲು ಬಂಡೆಯ ಬಿರುಕು ಬೇಕು, ತಲೆಗೆ ಬೆಳಕು ಬೇಕು. ಮರಳಲ್ಲಿಟ್ಟರೆ ನಿಲ್ಲುವುದಿಲ್ಲ. ತಮಿಳುನಾಡಿನ ಕರಾವಳಿಯ ಕಡೆ ಕಾಣುವ ಹಡ್ಡೋನಿ ಕಾರ್ಪೆಟ್‌ಗೆ ಉಲ್ಟಾ: ಆಳವಾದ ಮರಳು ಬೇಕು. ಮ್ಯಾಗ್ನಿಫಿಕಾ ಬಂಡೆಯ ನೆತ್ತಿ ಹುಡುಕುತ್ತದೆ.

ವಾರಗಳಾದರೂ ನಿಲ್ಲದಿದ್ದರೆ ಹರಿವು ನೋಡಿ. ಕರಬಳ್ಳಿಗಳು ತೂಗಾಡಬೇಕು, ಒಂದೇ ಕಡೆ ಚಪ್ಪಟೆಯಾಗಿ ಮಲಗಬಾರದು. ಗಾಜಿನ ಮೇಲ್ತುದಿಗೆ ಹತ್ತಿ ಕೂತಿದೆ ಅಂದರೆ ಬೆಳಕೋ ಆಮ್ಲಜನಕವೋ ಕಡಿಮೆ ಇದೆ.

ನಡೆದಾಡುವ ಎನಿಮೋನ್‌ಗೆ ದೊಡ್ಡ ಗಂಡಾಂತರ ವೇವ್‌ಮೇಕರ್, ಅಂದರೆ ನೀರಲ್ಲಿ ಅಲೆ ಎಬ್ಬಿಸುವ ಪಂಪ್. ರಾತ್ರಿ ಅದರ ಜಾಲರಿಗೆ ಸಿಕ್ಕಿ ಚೂರಾದರೆ ಬೆಳಗ್ಗೆ ಎನಿಮೋನ್ ಒಂದೇ ಅಲ್ಲ, ಇಡೀ ಟ್ಯಾಂಕೇ ಹೋಗಿರಬಹುದು. ತರುವ ಮೊದಲೇ ಪಂಪುಗಳಿಗೆ ಸ್ಪಂಜ್ ಅಥವಾ ಜಾಲರಿ ಕವಚ ಹಾಕಿ. ಸ್ಪಂಜನ್ನು ವಾರಕ್ಕೊಮ್ಮೆ ತೊಳೆಯಿರಿ.

ಎಲ್ಲೋ ಅಂಟಿಕೊಂಡಿದ್ದನ್ನು ಎಳೆದು ಕೀಳಬೇಡಿ. ಬಂಡೆ ಮೇಲಿದ್ದರೆ ಬಂಡೆ ಸಮೇತ ಎತ್ತಿ. ಗಾಜಿನ ಮೇಲಿದ್ದರೆ ಹೊರಗಿನಿಂದ ಆ ಜಾಗಕ್ಕೆ ಐಸ್ ಒತ್ತಿ ಹಿಡಿದರೆ ಪಾದ ಸಡಿಲಾಗುತ್ತದೆ, ಆಮೇಲೆ ಉಗುರಿನಂಚಿನಿಂದ ಮೆಲ್ಲಗೆ ಬಿಡಿಸಿ. ಕೈಗವಸು ಹಾಕಿಕೊಳ್ಳಿ, ಕಾರ್ಪೆಟ್ ಚೆನ್ನಾಗಿಯೇ ಕುಟುಕುತ್ತದೆ. ಆ ಕೈಯಲ್ಲಿ ಕಣ್ಣುಜ್ಜಬೇಡಿ.

ಸುಮ್ನೆ ಹೆದರಿಸುವ ಮೂರು ವಿಷಯ

ತುದಿಯ ಗುಳ್ಳೆ ಹೋಗಿ ಕರಬಳ್ಳಿ ಉದ್ದವಾಯಿತು ಅಂತ ಕೇಳುತ್ತಾರೆ. ರೋಗವಲ್ಲ. ಗುಳ್ಳೆ ಬರುತ್ತದೆ, ಹೋಗುತ್ತದೆ.

ಒಂದು ಇದ್ದದ್ದು ಎರಡಾಯಿತು. ಬಬಲ್ ಟಿಪ್ ತನ್ನನ್ನೇ ಸೀಳಿಕೊಂಡು ಎರಡಾಗುತ್ತದೆ. ಚೆನ್ನಾಗಿ ತಿಂದಿದ್ದಾಗಲೂ ಸೀಳುತ್ತದೆ, ಕಷ್ಟದಲ್ಲಿದ್ದಾಗಲೂ ಸೀಳುತ್ತದೆ. ಎರಡೂ ಬಾಯಿ ಬಿಗಿಯಿದ್ದರೆ ಖುಷಿಪಡಿ.

ಮೂರನೆಯದು ಎನಿಮೋನ್ ನಡುವೆ ವಾಸಿಸುವ ಕ್ಲೌನ್ ಮೀನು. ಚಿಕ್ಕ ಎನಿಮೋನ್‌ಗೆ ದೊಡ್ಡ ಜೋಡಿ ಮೀನು ಬಿಟ್ಟರೆ ಅವು ಹಗಲಿಡೀ ಉಜ್ಜಿ ಉಜ್ಜಿ ಅದು ಅರಳದ ಹಾಗೆ ಮಾಡುತ್ತವೆ. ತೂತಿನ ಬುಟ್ಟಿಯೊಂದನ್ನು ಎನಿಮೋನ್ ಮೇಲೆ ಕೆಲವು ದಿನ ಕವುಚಿ ನೋಡಿ. ಅರಳಿದರೆ ದೋಷ ಸಿಕ್ಕಿತು. ಅಂದಹಾಗೆ, ಕ್ಲೌನ್ ಮೀನು ಬದುಕಲು ಮನೆ ಟ್ಯಾಂಕಿನಲ್ಲಿ ಎನಿಮೋನ್ ಬೇಕೇ ಬೇಕು ಅಂತೇನಿಲ್ಲ. ಕ್ಲೀನರ್ ಸಿಗಡಿಯ ಕಾಟವೂ ಇದೆ, ಅದು ಎನಿಮೋನ್ ನುಂಗಿದ ಊಟವನ್ನು ಬಾಯೊಳಗಿಂದ ಕಿತ್ತು ತಿನ್ನುತ್ತದೆ. ಮೊದಲು ಸಿಗಡಿಗೆ ತಿನ್ನಿಸಿ, ಆಮೇಲೆ ಇದಕ್ಕೆ ಕೊಡಿ.

ಕೈ ಮೀರಿದಾಗ

ಬಾಯಿ ಬಿಟ್ಟುಕೊಂಡು ದಿನಾ ಉಬ್ಬುತ್ತಾ ಕುಗ್ಗುತ್ತಾ ಇರುವ, ಹೊಸದಾಗಿ ತಂದ ಎನಿಮೋನ್‌ಗೆ ಒಳಗೆ ಬ್ಯಾಕ್ಟೀರಿಯಾ ಸೋಂಕು ಇರಬಹುದು. ಅನುಭವ ಇರುವವರು ಇಂಥದ್ದನ್ನು ಬೇರೆ ಟ್ಯಾಂಕಿನಲ್ಲಿಟ್ಟು ಸಿಪ್ರೊಫ್ಲಾಕ್ಸಸಿನ್ ಕೊಟ್ಟು ಉಳಿಸುತ್ತಾರೆ. ಮೀನು, ಜಲಚರ ಗೊತ್ತಿರುವ ಪಶುವೈದ್ಯರ ಜೊತೆ ಮಾತಾಡದೆ ಆ ದಾರಿ ಹಿಡಿಯಬೇಡಿ. ಮುಖ್ಯ ಟ್ಯಾಂಕಿಗಂತೂ ಆ್ಯಂಟಿಬಯೋಟಿಕ್ ಹಾಕಲೇಬೇಡಿ, ಅಮೋನಿಯ ತಿನ್ನುವ ಬ್ಯಾಕ್ಟೀರಿಯಾವೂ ಸಾಯುತ್ತದೆ. ಬಾಯಿ ತೆರೆದಿರುವಾಗ ಊಟ ಕೊಡಬೇಡಿ. ಒಳಗೇ ಕೊಳೆಯುತ್ತದೆ.

ಮೈಯಿಂದ ಚರ್ಮ ಎಳೆ ಎಳೆಯಾಗಿ ಬಿಟ್ಟು ನೀರಲ್ಲಿ ತೇಲುತ್ತಿದ್ದು, ಪಾದ ಯಾವುದಕ್ಕೂ ಅಂಟದೆ, ಹತ್ತಿರದ ನೀರು ಕೊಳೆತ ಮೀನಿನ ವಾಸನೆ ಹೊಡೆಯುತ್ತಿದ್ದರೆ ಅದು ಸತ್ತಿದೆ. ಬೆಳಗಾಗಲಿ ಅಂತ ಕಾಯಬೇಡಿ. ಪಂಪು ನಿಲ್ಲಿಸಿ, ಪ್ಲಾಸ್ಟಿಕ್ ಚೀಲವನ್ನು ಕೈಗೆ ಸುತ್ತಿ ಅದನ್ನು ಚೀಲದೊಳಗೇ ಹಿಡಿದು, ನೀರು ಸಮೇತ ಮೇಲೆತ್ತಿ. ಬಲೆಯಲ್ಲಿ ಎತ್ತಿದರೆ ಹರಿದು ಚೂರುಗಳು ಉಳಿಯುತ್ತವೆ. ಉಳಿದದ್ದನ್ನು ಪೈಪಿನಲ್ಲಿ ಎಳೆಯಿರಿ. ಅದೇ ಉಪ್ಪು, ಅದೇ ಬಿಸಿಯ ಹೊಸ ನೀರಿನಿಂದ ಮೂವತ್ತು ನಲವತ್ತು ಪರ್ಸೆಂಟ್ ಬದಲಿಸಿ, ಹೊಸ ಆ್ಯಕ್ಟಿವೇಟೆಡ್ ಕಾರ್ಬನ್ ಹಾಕಿ, ಏರ್ ಪಂಪ್ ಹಚ್ಚಿ. ಮುಂದಿನ ನಾಲ್ಕೈದು ದಿನ ಬೆಳಗ್ಗೆ ಸಂಜೆ ಅಮೋನಿಯ ನೋಡಿ. ಅಂಕಿ ಏರಿದರೆ ಮತ್ತೆ ನೀರು ಬದಲಿಸಿ.

ಇನ್ನೊಂದು ತರುವುದಾದರೆ ಕಾರಣ ಸಿಕ್ಕ ಮೇಲೆಯೇ ತನ್ನಿ. ಸಮುದ್ರದಿಂದ ಕಿತ್ತದ್ದಕ್ಕಿಂತ ಯಾರದೋ ಮನೆ ಟ್ಯಾಂಕಿನಲ್ಲಿ ಸೀಳಿ ಹುಟ್ಟಿದ ಬಬಲ್ ಟಿಪ್ ಸಿಕ್ಕರೆ ಅದನ್ನೇ ತಗೊಳ್ಳಿ. ಅಂಗಡಿಯಲ್ಲಾದರೆ ನಿಮ್ಮೆದುರಿಗೆ ಒಂದು ಚೂರು ತಿನ್ನಿಸಲು ಹೇಳಿ, ಪಾದ ತೋರಿಸಲು ಹೇಳಿ, ಬಂದು ಎಷ್ಟು ದಿನ ಆಯಿತು ಕೇಳಿ. ನಿನ್ನೆ ಬಂದದ್ದು ಅಂದರೆ ಅಡ್ವಾನ್ಸ್ ಕೊಟ್ಟು ಎರಡು ವಾರ ಅಲ್ಲೇ ಬಿಟ್ಟು ಬನ್ನಿ.